ರೋಮಿನ ಬೆಳ್ಳಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನಲ್ಲಿ ಮೆಲ್ಕಾರ್ ಎಂಬ ಊರಿದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಪಾಣೆಮಂಗಳೂರಿನ ಬಳಿ ನೇತ್ರಾವತಿ ನದಿಯನ್ನು ದಾಟಿದ ಕೂಡಲೆ ಈ ಊರು ಎದುರಾಗುತ್ತದೆ. ಹಗಲಿರುಳೆನ್ನದೆ ಇಲ್ಲಿ ಲಾರಿಗಳು ಸಾಗುತ್ತಲೇ ಇರುತ್ತವೆ. ಬಂದರಿಗೆ ಬಂದಿಳಿದ ಸರಕು ಘಟ್ಟವನ್ನು ಏರುತ್ತದೆ. ಘಟ್ಟದ ಮೇಲಿನ ಕಾಫಿ, ಮೆಣಸು ಮೊದಲಾದ ಬೆಳೆಗಳು ಬಂದರಿಗೆ ಇಳಿಯುತ್ತವೆ. ಹೆದ್ದಾರಿ ಹೊಸದಾದರೂ ಕಡಲಿಗೂ ಘಟ್ಟದ ಮೇಲಣ ನಾಡಿಗೂ ನಡೆಯುವ ಕೊಡುಕೊಳ್ಳುವಿಕೆ ಬಹಳ ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರನಾದ ಪ್ಲಿನಿಯು ಪಶ್ಚಿಮ ಕರಾವಳಿಯ ಮುಜಿರಿಸ್ ಬಂದರಿಗೆ ಹೋಗುವ ನಾವಿಕರನ್ನು ಎಚ್ಚರಿಸುತ್ತ, ಸಮೀಪದ ‘ನಿಟ್ರಿಯಾಸ್’ ಎಂಬ ಸ್ಥಳದಲ್ಲಿ ಕಡಲ್ಗಳ್ಳರಿದ್ದಾರೆಂದು ಬರೆದಿದ್ದಾನೆ. ಈ ಹೆಸರಿನಲ್ಲಿ ನೇತ್ರಾವತಿಯ ಹೆಸರೇ ಅಡಗಿದೆಯೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಅಂದರೆ ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ನಾವಿಕರು ಈ ಕರಾವಳಿಯನ್ನು ಬಲ್ಲವರಾಗಿದ್ದರು.

ಮೆಲ್ಕಾರಿನ ಮೂಲಕ ಹಾದು ಘಟ್ಟವನ್ನೇರಿದ ಹೆದ್ದಾರಿಯು ಬೆಂಗಳೂರನ್ನು ಪ್ರವೇಶಿಸುವ ಕಡೆಯಲ್ಲಿ ಯಶವಂತಪುರವಿದೆ. 1891ರಲ್ಲಿ ಅಲ್ಲಿ ರೈಲುದಾರಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಬೆಳ್ಳಿಯ ನಾಣ್ಯಗಳ ಒಂದು ನಿಕ್ಷೇಪ ದೊರೆಯಿತು. ಎಣಿಸಿದಾಗ 163 ನಾಣ್ಯಗಳಿದ್ದವು. ಅವುಗಳ ಮೇಲಿದ್ದ ಮುಖಗಳು ನಮ್ಮ ನಾಡಿನ ಯಾವ ಅರಸನವೂ ಆಗಿರಲಿಲ್ಲ. ಅಕ್ಷರಗಳು ಕನ್ನಡವೂ ಅಲ್ಲ, ಬ್ರಾಹ್ಮಿಯೂ ಅಲ್ಲ. ಅವು ರೋಮಿನ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮುಂತಾದವರ ನಾಣ್ಯಗಳು. ಮುಂದೆ 1965ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಮತ್ತೊಂದು ನಿಕ್ಷೇಪ ದೊರೆಯಿತು. ಅದರಲ್ಲಿ 256 ರೋಮನ್ ಬೆಳ್ಳಿ ನಾಣ್ಯಗಳಿದ್ದವು. ಸಮುದ್ರದಿಂದ ಇಷ್ಟು ದೂರದ ಬಯಲಿಗೆ ಈ ಬೆಳ್ಳಿ ಹೇಗೆ ಬಂತು? ಅದನ್ನು ಹೂತಿಟ್ಟವರು ಯಾರು? ಇಂತಹ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವ ವಿದ್ಯೆಗೆ ನಾಣ್ಯಶಾಸ್ತ್ರವೆಂದು ಹೆಸರು.

ಈ ಬೆಳ್ಳಿ ನಾಣ್ಯವನ್ನು ರೋಮನರು ‘ದಿನಾರಿಯಸ್’ ಎಂದು ಕರೆಯುತ್ತಿದ್ದರು. ನಮ್ಮ ಸಂಸ್ಕೃತ ಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಬರುವ ‘ದೀನಾರ’ ಎಂಬ ಶಬ್ದ ಅದರಿಂದಲೇ ಬಂದುದು. ಅರಬ್ಬರ ‘ದಿನಾರ್’ ಕೂಡ ಅದೇ ಮೂಲದ್ದು. ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಒಂದು ರೋಮನ್ ಪೌಂಡು ಬೆಳ್ಳಿಯಿಂದ 84 ದಿನಾರಿಯಸ್ ನಾಣ್ಯಗಳನ್ನು ಟಂಕಿಸುತ್ತಿದ್ದರು. ಆದುದರಿಂದ ಒಂದು ನಾಣ್ಯದ ತೂಕ ಸುಮಾರು 3.9 ಗ್ರಾಂ, ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳುವುದಾದರೆ ಒಂದು ತೊಲದ ಮೂರನೆಯ ಒಂದು ಭಾಗ. ಅದರ ಅಗಲ ಎರಡು ಸೆಂಟಿಮೀಟರಿಗೂ ಕಡಿಮೆ. ಬೆರಳ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕದಾದ ಈ ಬೆಳ್ಳಿಯ ಬಿಲ್ಲೆ ಅರ್ಧ ಪ್ರಪಂಚವನ್ನು ಸುತ್ತಿ ಬಂದಿತ್ತು.

ಅದನ್ನು ಇಲ್ಲಿಗೆ ಕರೆತಂದುದು ಮುಖ್ಯವಾಗಿ ಮೆಣಸು. ರೋಮಿನ ಶ್ರೀಮಂತರಿಗೆ ಭಾರತದ ಕರಿಮೆಣಸು, ಮುತ್ತು, ನಯವಾದ ಹತ್ತಿಯ ಬಟ್ಟೆ, ರತ್ನಗಳು ಬೇಕಾಗಿದ್ದವು. ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ನೈಋತ್ಯ ಮಾರುತದ ಬಲದಿಂದ ಅರಬ್ಬೀ ಸಮುದ್ರವನ್ನು ನೇರವಾಗಿ ದಾಟಿ ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟುತ್ತಿದ್ದವು. ಅರೇಬಿಯದ ತುದಿಯಿಂದ ಮುಜಿರಿಸ್ ಬಂದರಿಗೆ 40 ದಿನಗಳ ಪಯಣವೆಂದು ಪ್ಲಿನಿ ಹೇಳಿದ್ದಾನೆ. ಗಾಳಿ ದಿಕ್ಕು ಬದಲಿಸಿದ ಮೇಲೆ ಡಿಸೆಂಬರ್ ಇಲ್ಲವೆ ಜನವರಿಯಲ್ಲಿ ಅವು ಮರಳಿ ಹೋಗುತ್ತಿದ್ದವು. ರೋಮನರು ದ್ರಾಕ್ಷಾರಸ, ಹವಳ, ಗಾಜು ಮುಂತಾದ ವಸ್ತುಗಳನ್ನು ತರುತ್ತಿದ್ದರೂ ಕೊಂಡ ಸರಕಿನ ಬೆಲೆಗೆ ಅವು ಸಾಲುತ್ತಿರಲಿಲ್ಲ. ಉಳಿದುದನ್ನು ಬೆಳ್ಳಿ ಬಂಗಾರಗಳಲ್ಲಿ ತೆರಬೇಕಾಗಿತ್ತು. ಭಾರತವು ಪ್ರತಿವರ್ಷ ತಮ್ಮ ದೇಶದಿಂದ 5 ಕೋಟಿ ಸೆಸ್ಟರ್ಸ್‌ಗಳನ್ನು ಸೆಳೆದುಕೊಳ್ಳುತ್ತಿದೆಯೆಂದು ಪ್ಲಿನಿಯು ಕೊರಗಿದ್ದಾನೆ. ನಾಲ್ಕು ಸೆಸ್ಟರ್ಸ್ ಒಂದು ದಿನಾರಿಯಸ್‌ಗೆ ಸಮ. ಆ ಲೆಕ್ಕದಲ್ಲಿ ಅದು ಒಂದೂಕಾಲು ಕೋಟಿ ದಿನಾರಿಯಸ್ ಆಗುತ್ತದೆ. ಇದರಲ್ಲಿ ನೀತಿಬೋಧಕನ ಉತ್ಪ್ರೇಕ್ಷೆ ಇರಬಹುದಾದರೂ, ವ್ಯಾಪಾರ ದೊಡ್ಡದಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ದೂರದೇಶದ ಜನ ಈ ನಾಣ್ಯವನ್ನು ಏಕೆ ನಂಬಿದರು? ಇದಕ್ಕೂ ಪ್ಲಿನಿಯೇ ಒಂದು ಕಥೆಯನ್ನು ಹೇಳುತ್ತಾನೆ. ಕೆಂಪು ಸಮುದ್ರದ ಸುಂಕವನ್ನು ಗುತ್ತಿಗೆ ಹಿಡಿದಿದ್ದ ಆನಿಯಸ್ ಪ್ಲೊಕಾಮಸ್ ಎಂಬವನ ಸೇವಕನೊಬ್ಬ ಬಿರುಗಾಳಿಗೆ ಸಿಕ್ಕಿ ಸಿಂಹಳ ದ್ವೀಪವನ್ನು ಸೇರಿದನು. ಅಲ್ಲಿಯ ಅರಸನು ಅವನನ್ನು ಆರು ತಿಂಗಳು ಆದರದಿಂದ ಇರಿಸಿಕೊಂಡು ರೋಮಿನ ವಿಚಾರಗಳನ್ನು ಕೇಳಿದನು. ಅರಸನಿಗೆ ಎಲ್ಲಕ್ಕಿಂತ ಮೆಚ್ಚಿಕೆಯಾದುದು ಆ ಸೇವಕನ ಬಳಿಯಿದ್ದ ದಿನಾರಿಯಸ್ ನಾಣ್ಯಗಳು. ಅವುಗಳ ಮೇಲೆ ಬೇರೆ ಬೇರೆ ಅರಸರ ಮುಖಗಳಿದ್ದರೂ ತೂಕ ಮಾತ್ರ ಒಂದೇ ಆಗಿತ್ತು. ಅರಸರು ಬದಲಾದರೂ ತೂಕ ಬದಲಾಗದ ನಾಡು ಪ್ರಾಮಾಣಿಕವಾದುದೆಂದು ಆತ ಬಗೆದು, ಕ್ಲಾಡಿಯಸ್ ಚಕ್ರವರ್ತಿಯ ಬಳಿಗೆ ನಾಲ್ವರು ರಾಯಭಾರಿಗಳನ್ನು ಕಳುಹಿಸಿದನಂತೆ. ಕಥೆ ಎಷ್ಟು ನಿಜವೋ, ಅದರ ತಿರುಳು ಮಾತ್ರ ನಿಜ. ಪರದೇಶದಲ್ಲಿ ನಾಣ್ಯಕ್ಕೆ ರಾಜನ ಆಜ್ಞೆಯ ಬಲವಿಲ್ಲ. ತೂಕವೂ ಬೆಳ್ಳಿಯ ಶುದ್ಧತೆಯೂ ಅದರ ಮಾನ.

ಭಾರತದಲ್ಲಿ ದೊರೆತ ದಿನಾರಿಯಸ್ ನಾಣ್ಯಗಳಲ್ಲಿ ಎರಡು ಬಗೆಯವು ಬಹಳವಾಗಿವೆ. ಮೊದಲನೆಯದು ಆಗಸ್ಟಸನದು. ಅದರ ಮುಂಭಾಗದಲ್ಲಿ ಲಾರೆಲ್ ಎಲೆಗಳ ಮಾಲೆಯನ್ನು ತಲೆಗೆ ಧರಿಸಿದ ಚಕ್ರವರ್ತಿಯ ಮುಖವಿದೆ. ಹಿಂಭಾಗದಲ್ಲಿ ಇಬ್ಬರು ತರುಣರು ಈಟಿ ಗುರಾಣಿಗಳೊಡನೆ ನಿಂತಿದ್ದಾರೆ. ಇವರು ಗಾಯಸ್ ಮತ್ತು ಲೂಸಿಯಸ್. ಆಗಸ್ಟಸನ ಮಗಳ ಮಕ್ಕಳು. ಗಂಡುಮಕ್ಕಳಿಲ್ಲದ ಚಕ್ರವರ್ತಿಯು ಈ ಮೊಮ್ಮಕ್ಕಳನ್ನು ದತ್ತು ಪಡೆದು, ತನ್ನ ತರುವಾಯ ಪಟ್ಟಕ್ಕೆ ಬರತಕ್ಕವರೆಂದು ಜಗತ್ತಿಗೆ ಸಾರುವುದಕ್ಕಾಗಿ ನಾಣ್ಯದ ಮೇಲೆ ಮೂಡಿಸಿದನು. ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿಯೂ ಗಾಯಸ್ ಕ್ರಿ.ಶ. 4ರಲ್ಲಿಯೂ ತೀರಿಕೊಂಡರು. ಪಟ್ಟವನ್ನು ಕಾಣದೆ ಹೋದ ಆ ಇಬ್ಬರು ತರುಣರ ರೂಪ, ಅವರು ಎಂದೂ ನೋಡದ ನಮ್ಮ ನಾಡಿನ ಮಣ್ಣಿನಲ್ಲಿ ಉಳಿಯಿತು. ಎರಡನೆಯ ಬಗೆಯ ನಾಣ್ಯ ಟೈಬೀರಿಯಸನದು. ಅದರ ಹಿಂಭಾಗದಲ್ಲಿ ಆಸನದ ಮೇಲೆ ಕುಳಿತ ಒಬ್ಬ ಸ್ತ್ರೀಯ ಚಿತ್ರವಿದೆ. ಅವಳು ಒಂದು ಕೈಯಲ್ಲಿ ರಾಜದಂಡವನ್ನೂ ಇನ್ನೊಂದು ಕೈಯಲ್ಲಿ ಒಂದು ರೆಂಬೆಯನ್ನೂ ಹಿಡಿದಿದ್ದಾಳೆ. ಅವಳು ಟೈಬೀರಿಯಸನ ತಾಯಿ ಲಿವಿಯಾ ಎಂಬುದು ಹಲವರ ಅಭಿಪ್ರಾಯ.

ಈ ಎರಡು ಬಗೆಗಳೇ ಹೆಚ್ಚಾಗಿರುವುದಕ್ಕೆ ಕಾರಣವಿದೆ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ದಿನಾರಿಯಸ್ ನಾಣ್ಯದ ತೂಕವನ್ನು ತಗ್ಗಿಸಿ ಬೆಳ್ಳಿಗೆ ಹೆಚ್ಚು ತಾಮ್ರವನ್ನು ಬೆರೆಸಿದನು. ಒಂದು ಪೌಂಡು ಲೋಹದಿಂದ ಆಗ 96 ನಾಣ್ಯಗಳು ಹೊರಬಂದವು. ರೋಮಿನ ಪೇಟೆಯಲ್ಲಿ ಹೊಸ ನಾಣ್ಯಕ್ಕೂ ಹಳೆಯ ನಾಣ್ಯಕ್ಕೂ ಬೆಲೆ ಒಂದೇ ಆಗಿರಬಹುದು. ಆದರೆ ತಕ್ಕಡಿಯಲ್ಲಿ ತೂಗಿ ತೆಗೆದುಕೊಳ್ಳುವ ಭಾರತದ ವರ್ತಕನಿಗೆ ಅವು ಒಂದೇ ಅಲ್ಲ. ನೀರೋವಿನ ಬದಲಾವಣೆಯ ಅನಂತರದ ಬೆಳ್ಳಿ ನಾಣ್ಯಗಳು ನಮ್ಮಲ್ಲಿ ವಿರಳವಾಗಿವೆ. ಸಿಂಹಳದ ಅರಸನು ಮೆಚ್ಚಿದ ತೂಕ ಕುಗ್ಗಿದ ಮೇಲೆ ನಾಣ್ಯದ ಮೇಲಿನ ನಂಬಿಕೆಯೂ ಕುಗ್ಗಿತು.

ನಾಣ್ಯವು ಕಾಲವನ್ನು ಹೇಗೆ ತಿಳಿಸುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ಗಾಯಸ್ ಮತ್ತು ಲೂಸಿಯಸರ ನಾಣ್ಯದಲ್ಲಿ ಆಗಸ್ಟಸನನ್ನು ‘ಪಾಟರ್ ಪಾಟ್ರಿಯೇ’, ಎಂದರೆ ‘ದೇಶದ ತಂದೆ’ ಎಂದು ಕರೆದಿದೆ. ಈ ಬಿರುದು ಅವನಿಗೆ ಸಂದುದು ಕ್ರಿ.ಪೂ. 2ರಲ್ಲಿ. ಆದುದರಿಂದ ಆ ನಾಣ್ಯವು ಅದಕ್ಕೂ ಹಿಂದಿನದಾಗಿರಲಾರದು. ಹಾಗೆಯೇ ಯಶವಂತಪುರದ ನಿಕ್ಷೇಪದಲ್ಲಿ ಕ್ಲಾಡಿಯಸನ ನಾಣ್ಯ ಇದ್ದುದರಿಂದ, ಅವನು ಪಟ್ಟವೇರಿದ ಕ್ರಿ.ಶ. 41ಕ್ಕೆ ಮೊದಲು ಅದನ್ನು ಹೂತಿಡಲು ಸಾಧ್ಯವಿರಲಿಲ್ಲ. ಒಂದು ನಿಕ್ಷೇಪದ ಅತ್ಯಂತ ಹೊಸ ನಾಣ್ಯವೇ ಆ ನಿಕ್ಷೇಪದ ಕಾಲಕ್ಕೆ ಸಾಕ್ಷಿ. ಆ ಒಂದು ನಾಣ್ಯವನ್ನು ಯಾರಾದರೂ ತೆಗೆದುಕೊಂಡುಬಿಟ್ಟರೆ ಉಳಿದವು ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತವೆ.

ಚಿತ್ರದುರ್ಗದ ಸಮೀಪದ ಚಂದ್ರವಳ್ಳಿಯು ಈ ಮಾತಿಗೆ ಒಳ್ಳೆಯ ನಿದರ್ಶನ. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ವಿದ್ವಾಂಸರಾದ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅಲ್ಲಿ ಉತ್ಖನನವನ್ನು ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಮತ್ತೆ ಅಗೆಯಿಸಿದರು. ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ದಿನಾರಿಯಸ್ ನಾಣ್ಯಗಳು ಶಾತವಾಹನರ ಕಾಲದ ನಾಣ್ಯ, ಮಡಕೆಗಳು ಇದ್ದ ನೆಲೆಯಲ್ಲಿಯೇ ದೊರೆತವು. ಟೈಬೀರಿಯಸನು ಆಳಿದುದು ಕ್ರಿ.ಶ. 14ರಿಂದ 37ರವರೆಗೆ ಎಂಬುದು ನಿಶ್ಚಿತ. ಕಾಲ ತಿಳಿಯದ ನಮ್ಮ ಮಡಕೆಯ ಚೂರುಗಳಿಗೆ, ಕಾಲ ತಿಳಿದ ಪರದೇಶದ ನಾಣ್ಯ ಹೀಗೆ ದೀಪವಾಯಿತು. ಕರ್ನಾಟಕದ ಪ್ರಾಚೀನ ಇತಿಹಾಸದ ಕಾಲಗಣನೆಗೆ ಅಂದು ಒಂದು ಗಟ್ಟಿಯಾದ ಆಧಾರ ದೊರೆಯಿತು. ಅವೇ ನಾಣ್ಯಗಳು ಯಾವುದೋ ಅಂಗಡಿಯಲ್ಲಿ ಮಾರಾಟಕ್ಕೆ ಸಿಕ್ಕಿದ್ದರೆ ಅವುಗಳಿಂದ ಈ ಕೆಲಸ ಆಗುತ್ತಿರಲಿಲ್ಲ.

ನಾಣ್ಯ ಸಂಗ್ರಾಹಕರು ‘ಅಪರೂಪದ ನಾಣ್ಯ’ ಎಂಬ ಮಾತನ್ನು ಬಹಳವಾಗಿ ಬಳಸುತ್ತಾರೆ. ಆಗಸ್ಟಸ್ ಮತ್ತು ಟೈಬೀರಿಯಸರ ಈ ನಾಣ್ಯಗಳು ಸಂಖ್ಯೆಯಲ್ಲಿ ಅಷ್ಟೇನೂ ಅಪರೂಪವಲ್ಲ. ಪ್ರಪಂಚದ ಅನೇಕ ಸಂಗ್ರಹಾಲಯಗಳಲ್ಲಿ ಅವು ಇವೆ. ಎಲ್ಲಿ ದೊರೆಯಿತು, ಯಾವ ಆಳದಲ್ಲಿ ದೊರೆಯಿತು, ಜೊತೆಯಲ್ಲಿ ಏನೇನಿತ್ತು ಎಂಬ ವಿವರಗಳೊಡನೆ ಉಳಿದು ಬಂದ ನಾಣ್ಯವೇ ನಿಜವಾಗಿ ಅಪರೂಪವಾದುದು. 1847ರಲ್ಲಿ ಕಣ್ಣೂರಿನ ಸಮೀಪದ ಕೊಟ್ಟಾಯಂ ಎಂಬಲ್ಲಿ ರೋಮನರ ಬಂಗಾರದ ನಾಣ್ಯಗಳ ದೊಡ್ಡ ರಾಶಿಯೇ ದೊರೆಯಿತು. ಐದು ಮಂದಿ ಕೂಲಿಗಳು ಹೊರುವಷ್ಟು ಬಂಗಾರ ಅಲ್ಲಿತ್ತೆಂದು ಆ ಕಾಲದ ಬರಹಗಳು ಹೇಳುತ್ತವೆ. ಆದರೆ ಅದರಲ್ಲಿ ಬಹುಪಾಲು ಚದುರಿಹೋಯಿತು. ಪಂಡಿತರ ಕಣ್ಣಿಗೆ ಬಿದ್ದುದು ಕೆಲವಂಶ ಮಾತ್ರ. ಹೀಗೆ ಕರಗಿಹೋದ ಒಂದೊಂದು ನಾಣ್ಯದೊಡನೆ ಇತಿಹಾಸದ ಒಂದೊಂದು ಸಾಲು ಅಳಿಸಿಹೋಗುತ್ತದೆ. ಅದನ್ನು ಮತ್ತೆ ಬರೆಯುವುದು ಯಾರಿಂದಲೂ ಆಗದು.

ಆದುದರಿಂದ ನಾಣ್ಯ ಸಂಗ್ರಹಣೆಯ ಹವ್ಯಾಸವುಳ್ಳವರು ಕೆಲವು ನಿಯಮಗಳನ್ನು ಪಾಲಿಸಬೇಕು. ಹಳೆಯ ಬೆಳ್ಳಿ ನಾಣ್ಯವು ಗಂಧಕದ ಸಂಪರ್ಕದಿಂದ ಕಪ್ಪಾಗಿರುತ್ತದೆ. ಅದನ್ನು ಹೊಳೆಯಿಸಬೇಕೆಂದು ಮನೆಯ ಪಾತ್ರೆಗಳಂತೆ ಹುಣಸೆಹುಳಿ, ಬೂದಿಗಳಿಂದ ಉಜ್ಜಬಾರದು. ಉಜ್ಜಿದರೆ ಕಪ್ಪಿನೊಡನೆ ಅಕ್ಷರಗಳೂ ಸವೆಯುತ್ತವೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಒಣ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಬೇರೆಯಾಗಿಡಬೇಕು. ಲಕೋಟೆಯ ಮೇಲೆ ಅದರ ತೂಕ, ಅಗಲ, ಎರಡು ಬದಿಗಳ ವಿವರ, ಅದು ಬಂದ ಬಗೆ ಇವೆಲ್ಲವನ್ನೂ ಬರೆಯಬೇಕು. ಬರೆಹವಿಲ್ಲದ ಸಂಗ್ರಹ ಒಂದು ತಲೆಮಾರಿನ ಅನಂತರ ಬರಿಯ ಬೆಳ್ಳಿಯಾಗುತ್ತದೆ.

ಅಸಲಿಯನ್ನು ನಕಲಿಯಿಂದ ಬೇರ್ಪಡಿಸಲು ತಾಳ್ಮೆ ಬೇಕು. ರೋಮನ್ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಆದುದರಿಂದ ಯಾವ ಎರಡು ನಾಣ್ಯಗಳೂ ಪೂರ್ತಿಯಾಗಿ ಒಂದೇ ತೆರನಾಗಿರುವುದಿಲ್ಲ. ಚಿತ್ರವು ನಡುವಿನಿಂದ ಸ್ವಲ್ಪ ಸರಿದಿರುತ್ತದೆ, ಅಂಚು ಬಿರಿದಿರುತ್ತದೆ. ಎರಕ ಹೊಯ್ದು ಮಾಡಿದ ನಕಲಿ ನಾಣ್ಯದ ಮೈಯಲ್ಲಿ ಸಣ್ಣ ಗುಳಿಗಳೂ ಅಂಚಿನಲ್ಲಿ ಬೆಸುಗೆಯಂತಹ ಗೆರೆಯೂ ಕಾಣುವುದುಂಟು. ಆರ್ಕಿಮಿಡೀಸನ ತತ್ತ್ವವೂ ಇಲ್ಲಿ ನೆರವಾಗುತ್ತದೆ. ಬೆಳ್ಳಿಯ ಸಾಪೇಕ್ಷ ಸಾಂದ್ರತೆ 10.5, ತಾಮ್ರದ್ದು 8.9. ಗಾಳಿಯಲ್ಲಿ 3.78 ಗ್ರಾಂ ತೂಗುವ ನಾಣ್ಯ ಶುದ್ಧ ಬೆಳ್ಳಿಯದಾದರೆ ನೀರಿನಲ್ಲಿ ಮುಳುಗಿಸಿ ತೂಗಿದಾಗ 0.36 ಗ್ರಾಂ ಕಡಿಮೆಯಾಗಬೇಕು. ಅದಕ್ಕಿಂತ ಗಣನೀಯವಾಗಿ ಹೆಚ್ಚು ಕಡಿಮೆಯಾದರೆ ಒಳಗೆ ತಾಮ್ರವಿರಬಹುದೆಂದು ಸಂಶಯಿಸಬೇಕು. ತಾಮ್ರದ ತಿರುಳಿಗೆ ಬೆಳ್ಳಿಯ ಹೊದಿಕೆ ಹಾಕಿ ವಂಚಿಸುವವರು ರೋಮನರ ಕಾಲದಲ್ಲಿಯೂ ಇದ್ದರು! ಅಂತಹ ನಾಣ್ಯವು ಹಳೆಯ ಕಾಲದ ನಕಲಿಯಾದುದರಿಂದ ಅದೂ ಒಂದು ಐತಿಹಾಸಿಕ ಸಾಕ್ಷಿಯೇ.

ಕಾನೂನಿನ ಅರಿವೂ ಸಂಗ್ರಾಹಕನಿಗೆ ಅವಶ್ಯಕ. ಭೂಮಿಯಲ್ಲಿ ಹುದುಗಿದ್ದ ನಿಧಿ ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯಿದೆ ವಿಧಿಸುತ್ತದೆ. ಜಿಲ್ಲಾಧಿಕಾರಿಗೆ ಸುದ್ದಿ ಕೊಡುವುದು ಕಂಡವನ ಕರ್ತವ್ಯ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಗಳಿಗೆ ಮೇಲ್ಪಟ್ಟ ನಾಣ್ಯಗಳು ಪ್ರಾಚ್ಯವಸ್ತುಗಳು. ಖಾಸಗಿ ವ್ಯಕ್ತಿಗಳು ಅವುಗಳನ್ನು ದೇಶದ ಹೊರಗೆ ಸಾಗಿಸುವಂತಿಲ್ಲ; ಪರವಾನಗಿಯಿಲ್ಲದೆ ಅವುಗಳ ವ್ಯಾಪಾರವನ್ನು ನಡೆಸುವಂತಿಲ್ಲ. ಈ ಕಟ್ಟುಪಾಡುಗಳು ಹವ್ಯಾಸಕ್ಕೆ ಅಡ್ಡಿಯೆಂದು ತೋರಬಹುದು. ಕೊಟ್ಟಾಯಂನ ಬಂಗಾರ ಏನಾಯಿತೆಂಬುದನ್ನು ನೆನೆದರೆ ಅವುಗಳ ಅಗತ್ಯ ಮನದಟ್ಟಾಗುತ್ತದೆ.

ರೋಮಿನ ನಾಣ್ಯ ದೊರೆಯದಿದ್ದರೂ ವಿದ್ಯಾರ್ಥಿಗಳು ನಿರಾಶರಾಗಬೇಕಾಗಿಲ್ಲ. ತುಳುನಾಡನ್ನು ಆಳಿದ ಆಳುಪರು ಜೋಡಿ ಮೀನಿನ ಲಾಂಛನವುಳ್ಳ ನಾಣ್ಯಗಳನ್ನು ಹೊರಡಿಸಿದ್ದರು. ವಿಜಯನಗರದ ಕಾಲದಲ್ಲಿ ಬಾರಕೂರು ಮತ್ತು ಮಂಗಳೂರಿನ ಗದ್ಯಾಣಗಳು ಹೆಸರಾಗಿದ್ದವು. ಅಜ್ಜಿಯ ಪೆಟ್ಟಿಗೆಯಲ್ಲಿರುವ ಒಂದು ತೂತಿನ ಕಾಸೂ ತನ್ನ ಕಾಲದ ಕಥೆಯನ್ನು ಹೇಳಬಲ್ಲದು. ಅಡಕೆ ತೋಟಕ್ಕೆ ಕಣಿ ತೋಡುವಾಗ, ಮನೆಗೆ ಅಡಿಪಾಯ ಅಗೆಯುವಾಗ, ರಸ್ತೆಯನ್ನು ಅಗಲಿಸುವಾಗ ಹಾರೆಯ ತುದಿಗೆ ಏನು ತಗಲುವುದೋ ಯಾರು ಬಲ್ಲರು? ಯಶವಂತಪುರದಲ್ಲಿ ರೋಮನರ ಬೆಳ್ಳಿಯನ್ನು ಹೊರಗೆಡಹಿದವರು ಪಂಡಿತರಲ್ಲ, ನೆಲವನ್ನು ಅಗೆಯುತ್ತಿದ್ದ ಕೆಲಸಗಾರರು. ಆ ನಾಣ್ಯಗಳನ್ನು ಎಣಿಸಿ ದಾಖಲಿಸಿದುದರಿಂದಲೇ ಇಂದು ಅವುಗಳ ಕಥೆ ನಮಗೆ ತಿಳಿದಿದೆ.

ಮೆಲ್ಕಾರಿನ ಕೂಡುದಾರಿಯಲ್ಲಿ ನಿಂತ ಬಾಲಕನ ಮುಂದೆ ಇಂದು ಸಾಗುವ ಲಾರಿಗಳಂತೆಯೇ, ಎರಡು ಸಾವಿರ ವರ್ಷಗಳ ಹಿಂದೆ ಎತ್ತುಗಳ ಬೆನ್ನಿನ ಮೇಲೆ ಮೆಣಸಿನ ಹೇರುಗಳು ಕರಾವಳಿಯತ್ತ ಇಳಿದವು, ಬೆಳ್ಳಿಯ ಗಂಟುಗಳು ಒಳನಾಡಿನತ್ತ ಏರಿದವು. ಆ ಎತ್ತುಗಳ ಹೆಜ್ಜೆ ಅಳಿಸಿಹೋಗಿದೆ. ವರ್ತಕರ ಹೆಸರುಗಳು ಮರೆತುಹೋಗಿವೆ. ಉಳಿದುದು ಆ ಬೆಳ್ಳಿಯ ಬಿಲ್ಲೆಗಳು ಮಾತ್ರ. ಅವು ಸಿಕ್ಕಿದಲ್ಲಿಯೇ, ಸಿಕ್ಕಿದಂತೆಯೇ ತಿಳಿದವರ ಕಣ್ಣಿಗೆ ಬೀಳುವಂತೆ ನೋಡಿಕೊಳ್ಳುವುದು ನಾಡಿನ ಪ್ರತಿಯೊಬ್ಬ ಪ್ರಜೆಯ ಹೊಣೆ.

ಪದಗಳ ಅರ್ಥ

ನಿಕ್ಷೇಪ – ನೆಲದಲ್ಲಿ ಹೂತಿಟ್ಟ ನಿಧಿ
ಟಂಕಿಸು – ನಾಣ್ಯವನ್ನು ಅಚ್ಚುಹಾಕು
ತೊಲ – ಚಿನ್ನ ಬೆಳ್ಳಿಗಳನ್ನು ತೂಗುವ ಹಳೆಯ ಅಳತೆ, ಸುಮಾರು 11.66 ಗ್ರಾಂ
ಉತ್ಖನನ – ಪ್ರಾಚೀನ ಅವಶೇಷಗಳಿಗಾಗಿ ಶಾಸ್ತ್ರೀಯವಾಗಿ ಅಗೆಯುವುದು
ಉತ್ಪ್ರೇಕ್ಷೆ – ಇದ್ದುದಕ್ಕಿಂತ ಹೆಚ್ಚಾಗಿ ಹೇಳುವುದು
ಲಾಂಛನ – ಗುರುತು, ಚಿಹ್ನೆ
ಗದ್ಯಾಣ – ಹಿಂದಿನ ಕಾಲದ ಬಂಗಾರದ ನಾಣ್ಯ
ಕಣಿ – ನೀರು ಹರಿಯಲು ತೋಡಿದ ಕಾಲುವೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ದೀನಾರ’ ಎಂಬ ಶಬ್ದದ ಮೂಲ ಯಾವುದು?
2. ಯಶವಂತಪುರದಲ್ಲಿ ಎಷ್ಟು ರೋಮನ್ ನಾಣ್ಯಗಳು ದೊರೆತವು?
3. ಆಗಸ್ಟಸನ ನಾಣ್ಯದ ಹಿಂಭಾಗದಲ್ಲಿರುವ ತರುಣರು ಯಾರು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಿಂಹಳದ ಅರಸನು ರೋಮನರನ್ನು ಪ್ರಾಮಾಣಿಕರೆಂದು ಬಗೆದುದೇಕೆ?
2. ನೀರೋವಿನ ಅನಂತರದ ಬೆಳ್ಳಿ ನಾಣ್ಯಗಳು ಭಾರತದಲ್ಲಿ ವಿರಳವಾಗಿರುವುದೇಕೆ?
3. ನಿಕ್ಷೇಪದ ಕಾಲವನ್ನು ನಿರ್ಧರಿಸುವುದು ಹೇಗೆ?

ಇ) ವಿವರವಾಗಿ ಉತ್ತರಿಸಿರಿ.
1. ‘ದೊರೆತ ಸ್ಥಳದ ವಿವರವಿಲ್ಲದ ನಾಣ್ಯ ಬರಿಯ ಬೆಳ್ಳಿ’ – ಚಂದ್ರವಳ್ಳಿ ಮತ್ತು ಕೊಟ್ಟಾಯಂಗಳ ಉದಾಹರಣೆಗಳೊಡನೆ ಈ ಮಾತನ್ನು ಸಮರ್ಥಿಸಿರಿ.
2. ನಾಣ್ಯ ಸಂಗ್ರಾಹಕನು ಪಾಲಿಸಬೇಕಾದ ನಿಯಮಗಳನ್ನು ಬರೆಯಿರಿ.

ಈ) ಭಾಷಾಭ್ಯಾಸ
1. ಬಿಡಿಸಿ ಸಂಧಿಯ ಹೆಸರನ್ನು ಬರೆಯಿರಿ: ಜಿಲ್ಲಾಧಿಕಾರಿ, ಮತ್ತೊಂದು.
2. ವಿಗ್ರಹಿಸಿ ಸಮಾಸದ ಹೆಸರನ್ನು ಬರೆಯಿರಿ: ಹೆದ್ದಾರಿ, ರಾಜದಂಡ.

ಉ) ಮಾಡಿ ನೋಡಿರಿ
ನಿಮ್ಮ ಮನೆಯಲ್ಲಿರುವ ಒಂದು ಹಳೆಯ ನಾಣ್ಯದ ತೂಕ, ಅಗಲ, ಎರಡು ಬದಿಗಳ ಚಿತ್ರ ಮತ್ತು ಅಕ್ಷರಗಳು, ಅದು ಮನೆಗೆ ಬಂದ ಬಗೆ ಇವನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಲ್ಲಿ ಬರೆಯಿರಿ.